ಕನ್ನಡ ಮೀಡಿಯಂನಿಂದ ಪಿಯುಸಿ ಸೈನ್ಸ್‌ಗೆ: ಒಬ್ಬ ಹುಡುಗಿ ಇಂಗ್ಲಿಷ್ ಪದಗಳನ್ನ ಹಿಡಿದ ರೀತಿ

ಇದು ನಮ್ಮ ಅಕ್ಕನ ಮಗಳ ಪ್ರಕರಣ. ತುಮಕೂರು ಜಿಲ್ಲೆಯ ಒಂದು ಹಳ್ಳಿ, ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಎಸ್‌ಎಸ್‌ಎಲ್‌ಸಿಲಿ ಸೈನ್ಸು ಮ್ಯಾತ್ಸು ಎರಡರಲ್ಲೂ ಒಳ್ಳೇ ಮಾರ್ಕ್ಸು, ಆಮೇಲೆ ಫಸ್ಟ್ ಪಿಯುಸಿ ಪಿಸಿಎಂಬಿಗೆ ಸೇರಿ ಹಾಸ್ಟೆಲ್‌ನಲ್ಲಿ ಇದ್ಲು. ಪಿಯು ಸೈನ್ಸ್‌ಗೆ ಎನ್‌ಸಿಇಆರ್‌ಟಿ ಪುಸ್ತಕ, ಪೂರ್ತಿ ಇಂಗ್ಲಿಷು. ಜೂನ್‌ನಲ್ಲಿ ಸೇರಿದ ಹುಡುಗಿ ದಸರಾ ರಜೆ ಹೊತ್ತಿಗೆ "ಚಿಕ್ಕಮ್ಮ, ನಾನು ಆರ್ಟ್ಸ್‌ಗೆ ಹೋಗ್ತೀನಿ" ಅಂತ ಅಳ್ತಾ ಕೂತಿದ್ಲು. ಆರ್ಟ್ಸು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಆದ್ರೆ ಇವಳಿಗೆ ಸೈನ್ಸ್ ಇಷ್ಟ ಇತ್ತು, ಅರ್ಥನೂ ಆಗ್ತಿತ್ತು, ಬಿಟ್ಟು ಹೋಗೋಕೆ ಇದ್ದಿದ್ದು ಒಂದೇ ಕಾರಣ, ಪುಸ್ತಕದ ಭಾಷೆ. ಇಂಥ ಮಕ್ಕಳು ಪ್ರತಿ ವರ್ಷ ಪ್ರತಿ ಕಾಲೇಜಲ್ಲೂ ಇರ್ತಾರೆ. ನಾನು ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡೋಳು, ಆದ್ದರಿಂದ ಇವಳ ಜೊತೆ ಕೂತು ಏನು ಮಾಡಿದ್ವಿ, ಯಾವುದು ಕೆಲಸ ಮಾಡ್ತು, ಯಾವುದು ಮಾಡ್ಲಿಲ್ಲ ಅಂತ ವಿವರವಾಗಿ ಬರೀತಿದೀನಿ, ಬೇರೆ ಮೇಷ್ಟ್ರು, ಮಿಸ್ಸು, ತಂದೆತಾಯಿಗಳಿಗೆ ಉಪಯೋಗ ಆಗ್ಲಿ ಅಂತ.

ನನ್ನ ಹತ್ರ ಬರೋ ಮುಂಚೆ ಅವಳೇ ಒಂದಷ್ಟು ಪ್ರಯತ್ನ ಮಾಡಿದ್ಲು. ಬಸ್‌ಸ್ಟ್ಯಾಂಡ್ ಅಂಗಡಿಲಿ ಸಿಗುತ್ತಲ್ಲ, ದಿನಕ್ಕೆ ಹತ್ತು ಪದ ಕಲೀರಿ ಅನ್ನೋ ಥರ ಪುಸ್ತಕ, ಅದನ್ನ ತಗೊಂಡು ಉರು ಹೊಡೀತಿದ್ಲು. ತೆಗೆದು ನೋಡಿದ್ರೆ ಗ್ರಿಗೇರಿಯಸ್, ಲೊಕ್ವೇಶಿಯಸ್ ಇಂಥವೇ. ಇವು ಒಳ್ಳೇ ಪದಗಳೇ, ಆದ್ರೆ ಅವಳ ಫಿಸಿಕ್ಸ್ ಪುಸ್ತಕದಲ್ಲಿ ಎಲ್ಲೂ ಬರಲ್ಲ. ಇವತ್ತು ಕಲಿತ ಪದ ನಾಳೆ ಓದೋ ಪುಟದಲ್ಲಿ ಸಿಗಲಿಲ್ಲ ಅಂದ್ರೆ ತಲೇಲಿ ನಿಲ್ಲೋಕೆ ಅದಕ್ಕೆ ಜಾಗನೇ ಇರಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ಅನ್ನೋ ಮನಶ್ಶಾಸ್ತ್ರಜ್ಞ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡ್ಕೊಂಡು ತೋರಿಸಿದ್ದ, ಅರ್ಥ ಇಲ್ಲದ ಉಚ್ಚಾರಗಳನ್ನ ಬಾಯಿಪಾಠ ಮಾಡಿದ್ರೆ ಮೊದಲ ಕೆಲವು ಗಂಟೆಗಳಲ್ಲೇ ಅದರಲ್ಲಿ ಬಹುಪಾಲು ಮರೆತು ಹೋಗುತ್ತೆ ಅಂತ. ಈ ಹುಡುಗಿಗೆ ಆ ಪಟ್ಟಿ ಹೆಚ್ಚುಕಮ್ಮಿ ಅರ್ಥ ಇಲ್ಲದ ಉಚ್ಚಾರವೇ ಆಗಿತ್ತು. ಆ ಪುಸ್ತಕ ಎತ್ತಿಡಿಸಿದ್ದೇ ಮೊದಲ ಕೆಲಸ.

ಎರಡನೇ ಕೆಲಸ, ತೊಂದರೆ ನಿಜವಾಗಿ ಎಲ್ಲಿದೆ ಅಂತ ನೋಡೋದು. ಬಯಾಲಜಿ ಪುಸ್ತಕದ ಒಂದು ಪುಟ ಕೊಟ್ಟು, ಗೊತ್ತಿಲ್ಲದ ಪದಕ್ಕೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳಿ ಅಂದೆ. ದಪ್ಪ ಅಕ್ಷರದಲ್ಲಿದ್ದ ಸೈನ್ಸ್ ಪದಗಳಿಗೆಲ್ಲ ಎಳೆದ್ಲು. ಉಳಿದಿದ್ದು ಗೊತ್ತಾ ಅಂದ್ರೆ ಹೂಂ ಅಂದ್ಲು. ಆಮೇಲೆ, ಪುಸ್ತಕ ಮುಚ್ಚದೇ, ವಾಕ್ಯ ವಾಕ್ಯ ಕನ್ನಡದಲ್ಲಿ ಹೇಳು ಅಂದೆ, ಅಲ್ಲಿ ಬಯಲಾಯ್ತು. ಸಸ್ಯದ ಜೀವಕೋಶಕ್ಕೆ ಇರೋ ಹಾಗೆ ಪ್ರಾಣಿ ಜೀವಕೋಶಕ್ಕೆ ಕೋಶಭಿತ್ತಿ ಇಲ್ಲ ಅನ್ನೋ ಅರ್ಥದ ಒಂದು ವಾಕ್ಯ, ಇಂಗ್ಲಿಷಲ್ಲಿ 'ಅನ್‌ಲೈಕ್' ಅಂತ ಶುರು ಆಗುತ್ತೆ, ಮಧ್ಯದಲ್ಲಿ 'ಲ್ಯಾಕ್' ಅಂತ ಕ್ರಿಯಾಪದ. ಅನ್‌ಲೈಕ್ ಅವಳಿಗೆ ಫೇಸ್‌ಬುಕ್‌ನಿಂದ ಗೊತ್ತು, ಲೈಕ್ ಕೊಟ್ಟಿದ್ದನ್ನ ವಾಪಸ್ ತಗೊಳ್ಳೋದು. ಲ್ಯಾಕ್ ಅಂದ್ರೆ ಲಕ್ಷ ರೂಪಾಯಿಯ ಲಕ್ಷ ಅಂದ್ಕೊಂಡಿದ್ಲು. ಎರಡಕ್ಕೂ ಗೆರೆ ಎಳೆದಿರಲಿಲ್ಲ, ಯಾಕಂದ್ರೆ ಅವು ಅವಳಿಗೆ "ಗೊತ್ತಿರೋ" ಪದ. ಕೊನೆಗೆ ಅವಳು ಹೇಳಿದ್ದು ಪ್ರಾಣಿ ಜೀವಕೋಶಕ್ಕೆ ಲಕ್ಷಗಟ್ಟಲೆ ಕೋಶಭಿತ್ತಿ ಇರುತ್ತೆ ಅಂತ, ಹೇಳ್ತಾ ಹೇಳ್ತಾ ಅವಳಿಗೇ ಇದು ತಪ್ಪು ಅಂತ ಅನಿಸ್ತಿತ್ತು, ಹತ್ತನೇ ಕ್ಲಾಸಲ್ಲಿ ಓದಿದ್ದು ಹಾಗಿರ್ಲಿಲ್ವಲ್ಲ ಅಂತ ಮುಖ ಸಪ್ಪೆ ಮಾಡ್ಕೊಂಡ್ಲು. ಗೊತ್ತಿದ್ದ ವಿಜ್ಞಾನದ ಮೇಲೇ ಅನುಮಾನ ಬರೋ ಹಾಗೆ ಆಗಿತ್ತು, ನನಗೆ ತುಂಬ ನೋವಾಗಿದ್ದು ಅದೇ.

ಹಾಗೆ ನಾಲ್ಕೈದು ಪುಟ ಓದಿಸಿದ ಮೇಲೆ ಪದಗಳು ಮೂರು ಗುಂಪಾಗಿ ಕಂಡ್ವು. ಸೈನ್ಸ್‌ನ ದೊಡ್ಡ ದೊಡ್ಡ ಪದ ಒಂದು, ದಿನಾ ಕನ್ನಡದಲ್ಲೇ ಬಳಸೋ ಆದ್ರೆ ಪುಸ್ತಕದಲ್ಲಿ ಬೇರೆ ಅರ್ಥ ಇರೋ ಇಂಗ್ಲಿಷ್ ಪದ ಇನ್ನೊಂದು, ವಾಕ್ಯ ಕಟ್ಟೋ ಸಣ್ಣ ಪದಗಳು ಮೂರನೇದು. ಎಲ್ಲರೂ ಹೆದರೋದು ಮೊದಲನೇದಕ್ಕೆ. ನಾನು ಕಂಡ ಹಾಗೆ ಅದೇ ಎಲ್ಲಕ್ಕಿಂತ ಸುಲಭ, ಅದೂ ಕನ್ನಡ ಮೀಡಿಯಂ ಮಕ್ಕಳಿಗೆ ಇನ್ನೂ ಸುಲಭ, ಈ ಮಾತು ಯಾರೂ ಅವರಿಗೆ ಹೇಳಲ್ಲ.

ಯಾಕೆ ಸುಲಭ ಅಂದ್ರೆ, ನಮ್ಮ ಪಠ್ಯಪುಸ್ತಕದ ವಿಜ್ಞಾನ ಪದಗಳಲ್ಲಿ ಸುಮಾರು ಪದಗಳನ್ನ ಮಾಡಿರೋದೇ ಗ್ರೀಕ್ ಲ್ಯಾಟಿನ್ ಪದಗಳನ್ನ ಬಿಡಿಸಿ, ತುಂಡಿಗೆ ತುಂಡು ಸಂಸ್ಕೃತದಲ್ಲಿ ಇಟ್ಟು. ದ್ಯುತಿಸಂಶ್ಲೇಷಣೆ ಅನ್ನೋದನ್ನ ಅವಳು ಏಳನೇ ಕ್ಲಾಸಿಂದ ಬರೀತಿದ್ಲು. ದ್ಯುತಿ ಅಂದ್ರೆ ಬೆಳಕು, ಸಂಶ್ಲೇಷಣೆ ಅಂದ್ರೆ ಕೂಡಿಸಿ ಕಟ್ಟೋದು. ಫೋಟೋ ಅಂದ್ರೆ ಬೆಳಕು, ಸಿಂಥೆಸಿಸ್ ಅಂದ್ರೆ ಕೂಡಿಸಿ ಕಟ್ಟೋದು. ಸ್ವಪೋಷಕ, ಪರಪೋಷಕ ಅಂತ ಗೊತ್ತಿದ್ದೋಳಿಗೆ ಆಟೋ ಅಂದ್ರೆ ಸ್ವ, ಹೆಟೆರೋ ಅಂದ್ರೆ ಪರ ಅಥವಾ ಬೇರೆ, ಟ್ರೋಫ್ ಅಂದ್ರೆ ಪೋಷಣೆ ಅಂತ ಹೇಳಿದ್ರೆ ಆಟೋಟ್ರೋಫ್ ಹೆಟೆರೋಟ್ರೋಫ್ ಎರಡೂ ಅಲ್ಲೇ ಕೂತ್ಕೊಂಡ್ವು, ಮುಂದೆ ಹೆಟೆರೋ ಬಂದಾಗಲೆಲ್ಲ ಅವಳೇ ಊಹೆ ಮಾಡೋಕೆ ಶುರು ಮಾಡಿದ್ಲು. ಇನರ್ಟ್ ಗ್ಯಾಸ್ ಅಂದ್ರೆ ಜಡ ಅನಿಲ, ಇನರ್ಷಿಯಾ ಅಂದ್ರೆ ಜಡತ್ವ, ಎರಡು ಕಡೇನೂ ಎರಡು ಪದಕ್ಕೂ ಒಂದೇ ಬೇರು.

ಅನಿಮಲ್ ಕಿಂಗ್‌ಡಮ್ ಅಧ್ಯಾಯ ಇದಕ್ಕೆ ಒಳ್ಳೇ ಪರೀಕ್ಷೆ ಆಯ್ತು, ಇಡೀ ಕ್ಲಾಸು ಬೈದ್ಕೊಂಡು ಬಾಯಿಪಾಠ ಮಾಡೋ ಪ್ರಾಣಿ ಗುಂಪುಗಳ ಹೆಸರುಗಳು ಅಲ್ಲೇ ಇರೋದು. ಆರ್ಥ್ರೋಪೋಡಾ, ಎಕೈನೋಡರ್ಮೇಟಾ, ಮೊಲಸ್ಕಾ, ಅನೆಲಿಡಾ. ನಾನು ಎದುರಿಗೆ ಅವಳ ಹಳೇ ಕನ್ನಡ ವಿಜ್ಞಾನ ಪುಸ್ತಕ ತೆರೆದಿಟ್ಟೆ. ಸಂಧಿಪದಿ: ಸಂಧಿ ಅಂದ್ರೆ ಕೀಲು, ಪದ ಅಂದ್ರೆ ಕಾಲು. ಆರ್ಥ್ರೋ ಅಂದ್ರೆ ಕೀಲು, ಪೋಡ್ ಅಂದ್ರೆ ಕಾಲು. ಕಂಟಕಚರ್ಮಿ: ಮುಳ್ಳು, ಚರ್ಮ. ಎಕೈನೋ ಅಂದ್ರೆ ಮುಳ್ಳು, ಡರ್ಮಾ ಅಂದ್ರೆ ಚರ್ಮ. ಮೃದ್ವಂಗಿ ಅಂದ್ರೆ ಮೆತ್ತನೆ ಮೈಯ್ಯದು, ಮೊಲಸ್ಕಾದ ಮೂಲನೂ ಮೆತ್ತಗೆ ಅನ್ನೋದೇ. ವಲಯವಂತ, ಉಂಗುರ ಇರೋದು, ಅನೆಲಿಡಾದಲ್ಲಿರೋದೂ ಸಣ್ಣ ಉಂಗುರವೇ. "ಚಿಕ್ಕಮ್ಮ, ಹಂಗಾದ್ರೆ ಸ್ಯೂಡೋಪೋಡಿಯಾ ಅಂದ್ರೆ ಮಿಥ್ಯಾಪಾದ ತಾನೆ, ಅಮೀಬಾದು?" ಅಂತ ಅವಳೇ ಕೇಳಿದ್ಲು. ಹೌದು, ಸ್ಯೂಡೋ ಅಂದ್ರೆ ಸುಳ್ಳು. ಆಮೇಲೆ ಟ್ರೈಪಾಡ್‌ಗೆ ಮೂರು ಕಾಲು ಅಂತ ಹಿಡಿದ್ಲು, ಸ್ಕಿನ್ ಡಾಕ್ಟರ ಬೋರ್ಡಲ್ಲಿರೋ ಡರ್ಮಟಾಲಜಿಸ್ಟ್ ಹಿಡಿದ್ಲು. ಗ್ರೀಕಿನ ಪೋಡ್, ನಮ್ಮ ಪಾದ ಎರಡೂ ಹಳೇ ಕಾಲದ ಒಂದೇ ಮೂಲದಿಂದ ಬಂದ ಪದಗಳು, ಟ್ರೈ ಮತ್ತು ತ್ರಿ ಕೂಡ ಹಾಗೇ, ಅದನ್ನ ಹೇಳಿದಾಗ ಅವಳ ಮುಖ ನೋಡಬೇಕಿತ್ತು. ಪರಕೀಯ ಅಂದ್ಕೊಂಡಿದ್ದ ಪುಸ್ತಕ ಸ್ವಲ್ಪ ಹತ್ತಿರದ್ದು ಅನಿಸಿತು.

ಇಲ್ಲೇ ಒಂದು ಎಚ್ಚರಿಕೆನೂ ಹೇಳ್ಬೇಕು. ಬೇರು ನೋಡಿ ಅರ್ಥ ಊಹಿಸೋದು ಬಾಗಿಲವರೆಗೂ ಕರ್ಕೊಂಡು ಹೋಗುತ್ತೆ, ಒಳಗೆ ಏನಿದೆ ಅಂತ ಪಾಠ ಓದೇ ನೋಡ್ಬೇಕು. ಆರ್ಥ್ರೋ ಗೊತ್ತಾದ ಹುರುಪಲ್ಲಿ ಅವಳು ಆರ್ಥೋ ಡಾಕ್ಟ್ರನ್ನೂ ಅದಕ್ಕೇ ಸೇರಿಸಿದ್ಲು, ಮೂಳೆ ಕೀಲು ನೋಡೋರು ತಾನೆ ಅಂತ. ಆರ್ಥೋ ಅಂದ್ರೆ ನೆಟ್ಟಗೆ, ಬೇರೇನೇ ಪದ. ಕೀಲಿನ ಆರ್ಥ್ರೋ ಇರೋದು ಆರ್ಥ್ರೈಟಿಸ್‌ನಲ್ಲಿ. ಇನ್ನು ಆಕ್ಸಿಜನ್ ತಗೊಳ್ಳಿ. ಆಮ್ಲವನ್ನ ಹುಟ್ಟಿಸೋದು ಅಂತ ಅದರ ಅರ್ಥ, ಫ್ರಾನ್ಸಿನ ರಸಾಯನ ವಿಜ್ಞಾನಿ ಲವೋಸಿಯೇ ಎಲ್ಲ ಆಮ್ಲದಲ್ಲೂ ಇದು ಇರಲೇಬೇಕು ಅಂತ ನಂಬಿ ಇಟ್ಟ ಹೆಸರು. ಆ ನಂಬಿಕೆ ತಪ್ಪು, ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಆಕ್ಸಿಜನ್ನೇ ಇಲ್ಲ. ನಾವೂ ಅದನ್ನೇ ತುಂಡಿಗೆ ತುಂಡು ಕನ್ನಡಕ್ಕೆ ತಂದು ಆಮ್ಲಜನಕ ಅಂದ್ವಿ. ಮಲೇರಿಯಾ ಅಂದ್ರೆ ಕೆಟ್ಟ ಗಾಳಿ, ಬರೋದು ಸೊಳ್ಳೆಯಿಂದ. ಆದ್ರಿಂದ ನಮ್ಮಲ್ಲಿ ಒಂದು ನಿಯಮ ಇತ್ತು: ಬೇರು ನೋಡಿ ಊಹೆ ಮಾಡು, ಆಮೇಲೆ ಪುಸ್ತಕದ ಡೆಫಿನಿಷನ್ ಜೊತೆ ಹೋಲಿಸು, ಎರಡೂ ಒಂದೇ ಆದ್ರೆ ಸರಿ ಮಾರ್ಕು, ಬೇರೆ ಆದ್ರೆ ಯಾಕೆ ಬೇರೆ ಅಂತ ಒಂದು ಸಾಲು ಬರಿ.

ಎರಡನೇ ಗುಂಪು ಮೇಲ್ನೋಟಕ್ಕೆ ಕಾಣಲ್ಲ, ಅದಕ್ಕೇ ಕಷ್ಟ. ನಾವು ದಿನಾ ಮಾತಾಡೋ ಕನ್ನಡದಲ್ಲಿ ಎಷ್ಟೊಂದು ಇಂಗ್ಲಿಷ್ ಪದ ಇವೆ, ಆದ್ರೆ ಅವುಗಳ ಅರ್ಥ ನಮ್ಮಲ್ಲಿ ಒಂದು ಕಡೆ ಗಟ್ಟಿಯಾಗಿ ಕೂತುಬಿಟ್ಟಿದೆ. ಕರೆಂಟ್ ಅಂದ್ರೆ ಮನೆಗೆ ಬರೋ ವಿದ್ಯುತ್ತು, "ಕರೆಂಟ್ ಹೋಯ್ತು". ಫಿಸಿಕ್ಸ್‌ನಲ್ಲಿ ಅದು ಹರಿವು, ನೀರಿಗೂ ಬರುತ್ತೆ, ಪೇಪರ್‌ನಲ್ಲಿ ಕರೆಂಟ್ ಅಫೇರ್ಸ್ ಅಂದ್ರೆ ಈಗಿನದು. ಟೆನ್ಷನ್ ಅಂದ್ರೆ ನಮಗೆ ತಲೆಬಿಸಿ, ಅಲ್ಲಿ ಹಗ್ಗದ ಎಳೆತ. ಯೂನಿಫಾರ್ಮ್ ಅಂದ್ರೆ ಸ್ಕೂಲ್ ಬಟ್ಟೆ, ಯೂನಿಫಾರ್ಮ್ ವೆಲಾಸಿಟಿ ಅಂದಾಗ ಅವಳಿಗೆ ದಿಕ್ಕೇ ತೋಚಿರ್ಲಿಲ್ಲ, ಏಕರೂಪ ವೇಗ ಅಂದ ತಕ್ಷಣ ಪಾಠ ಪೂರ್ತಿ ನೆನಪಾಯ್ತು. ಬಾಡಿ ಅಟ್ ರೆಸ್ಟ್ ಅನ್ನೋದಂತೂ, ನಮ್ಮ ಕಡೆ ಬಾಡಿ ಅಂದ್ರೆ ಆಸ್ಪತ್ರೆಯಿಂದ ತರೋ ಹೆಣ, ಅಟ್ ರೆಸ್ಟ್ ಅಂದ್ರೆ ಇನ್ನೇನು ಕೇಳೋದು. ಅಲ್ಲಿ ಅದು ನಿಶ್ಚಲ ಸ್ಥಿತಿಯಲ್ಲಿರೋ ಕಾಯ ಅಷ್ಟೇ. ಬ್ರೇಕ್‌ಡೌನ್ ಅಂದ್ರೆ ಬಸ್ ಕೆಟ್ಟು ನಿಲ್ಲೋದು, ಬಯಾಲಜಿಲಿ ದೊಡ್ಡ ಅಣು ಒಡೆದು ಚಿಕ್ಕದಾಗೋದು. ವರ್ಕ್, ಪವರ್, ಸೊಲ್ಯೂಷನ್ ಎಲ್ಲ ಇದೇ ಜಾತಿ.

ಈ ಪದಗಳಿಗೆ ಹೊಸ ಅರ್ಥ ಉರು ಹೊಡಿಸಿದ್ರೆ ಹಳೇದರ ಜೊತೆ ಗಲಿಬಿಲಿ ಆಗುತ್ತೆ. ಅದರ ಬದಲು ಎರಡೂ ಅರ್ಥ ಎಲ್ಲಿ ಸೇರ್ತವೆ ಅಂತ ಹುಡುಕಿಸಿದೆ. ಯೂನಿ ಅಂದ್ರೆ ಒಂದು, ಫಾರ್ಮ್ ಅಂದ್ರೆ ರೂಪ, ಎಲ್ಲರೂ ಒಂದೇ ಥರ ಹಾಕೋ ಬಟ್ಟೆ ಯೂನಿಫಾರ್ಮು, ಹೊತ್ತು ಹೊತ್ತಿಗೂ ಒಂದೇ ಥರ ಇರೋ ವೇಗ ಯೂನಿಫಾರ್ಮ್ ವೆಲಾಸಿಟಿ. ಟೆನ್ಷನ್ ಎರಡು ಕಡೇನೂ ಎಳೆತವೇ. ಕೆಲವು ಸಲ ಮನೆ ಅನುಭವನೇ ಸಹಾಯಕ್ಕೆ ಬಂತು. ಕೆಮಿಸ್ಟ್ರಿಲಿ ಯೀಲ್ಡ್ ಅನ್ನೋ ಪದಕ್ಕೆ ಮೊಬೈಲ್ ಡಿಕ್ಷನರಿ ಇಳುವರಿ ಅಂತ ತೋರಿಸ್ತು. ತೆಂಗು ರಾಗಿ ಬೆಳೆಯೋ ಮನೆ ಹುಡುಗಿಗೆ ಇಳುವರಿ ಅಂದ್ರೇನು ಅಂತ ಹೇಳಿಕೊಡಬೇಕಾಗಿಲ್ಲ, ಇಷ್ಟು ಹಾಕಿದ್ರೆ ಇಷ್ಟು ಬರಬೇಕು, ನಿಜವಾಗಿ ಬಂದಿದ್ದು ಇಷ್ಟು. ಪರ್ಸೆಂಟೇಜ್ ಯೀಲ್ಡ್ ಲೆಕ್ಕ ಅವಳು ತಾನೇ ಮಾಡ್ಕೊಂಡ್ಲು.

ಈಗ ಮೂರನೇ ಗುಂಪು, ನಿಜವಾದ ಕುತ್ತು ಇಲ್ಲೇ. ವೇರ್‌ಆ್ಯಸ್, ಹೆನ್ಸ್, ಅನ್‌ಲೆಸ್, ಎಕ್ಸೆಪ್ಟ್, ರೆಸ್ಪೆಕ್ಟಿವ್‌ಲಿ, ಪ್ರೊವೈಡೆಡ್ ದ್ಯಾಟ್, ಫಾರ್ಮರ್, ಲ್ಯಾಟರ್, ನೆಗ್ಲಿಜಿಬಲ್, ಕಾನ್‌ಸ್ಟಿಟ್ಯೂಟ್, ಎಕ್ಸಿಬಿಟ್, ಡಿರೈವ್, ವೇರಿ. ಇವು ದಪ್ಪ ಅಕ್ಷರದಲ್ಲಿ ಬರಲ್ಲ, ಅಧ್ಯಾಯದ ಕೊನೇಲಿ ಪಟ್ಟಿ ಇರಲ್ಲ, ಲೆಕ್ಚರರ್ ಇವನ್ನ ವಿವರಿಸಲ್ಲ, ಸೈನ್ಸ್ ಮೇಷ್ಟ್ರು ಇಂಗ್ಲಿಷ್ ಮೇಷ್ಟ್ರ ಕೆಲಸ ಅಂತಾರೆ, ಇಂಗ್ಲಿಷ್ ಮೇಷ್ಟ್ರಿಗೆ ಪದ್ಯ ಗದ್ಯ ಮುಗಿಸೋ ಆತುರ. ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ ಅನ್ನೋರು 2000ದಲ್ಲಿ ಅಕಾಡೆಮಿಕ್ ವರ್ಡ್ ಲಿಸ್ಟ್ ಅಂತ ಮಾಡಿದ್ರು, ಎಲ್ಲ ವಿಷಯದ ಉನ್ನತ ಶಿಕ್ಷಣದ ಬರಹಗಳಲ್ಲೂ ಪದೇ ಪದೇ ಬರೋ, ಆದ್ರೆ ಸಾಮಾನ್ಯ ಮಾತಿನ ಮೊದಲ 2000 ಪದಗಳಲ್ಲಿ ಸೇರದ 570 ಪದಕುಟುಂಬಗಳು (ಒಂದು ಪದ, ಅದರಿಂದ ಹುಟ್ಟೋ ರೂಪಗಳು ಎಲ್ಲ ಸೇರಿ ಒಂದು ಕುಟುಂಬ). ಅಂಥ ಬರಹದಲ್ಲಿ ನೂರು ಪದ ತಗೊಂಡ್ರೆ ಸುಮಾರು ಹತ್ತು ಇವೇ ಇರ್ತವೆ. ಡಿರೈವ್, ವೇರಿ, ಕಾನ್‌ಸ್ಟಿಟ್ಯೂಟ್, ವೇರ್‌ಆ್ಯಸ್ ಎಲ್ಲ ಅದರಲ್ಲಿವೆ. ಬಸ್‌ಸ್ಟ್ಯಾಂಡ್ ಪುಸ್ತಕದ ಸಾವಿರಾರು ಪದಕ್ಕಿಂತ ಈ 570 ನಮ್ಮ ಪಿಯು ಮಕ್ಕಳ ಕೈಗೆ ಸಿಕ್ಕಿದ್ರೆ ಎಷ್ಟೋ ಜನ ಕೋರ್ಸ್ ಬಿಡಲ್ಲ ಅಂತ ನನ್ನ ದೃಢ ನಂಬಿಕೆ.

ಒಂದು ಉದಾಹರಣೆ ಹೇಳ್ತೀನಿ. ಲೆಕ್ಕದಲ್ಲಿ ಎರಡು ವಸ್ತು, ಅವುಗಳ ರಾಶಿ 2 ಕೆಜಿ ಮತ್ತು 3 ಕೆಜಿ 'ರೆಸ್ಪೆಕ್ಟಿವ್‌ಲಿ' ಅಂತ ಇತ್ತು. ಅವಳು ರೆಸ್ಪೆಕ್ಟ್ ಅಂದ್ರೆ ಗೌರವ ಅಂತ ಹಿಡ್ಕೊಂಡು, ಇಲ್ಲಿ ಗೌರವ ಎಲ್ಲಿಂದ ಬಂತು, ಇನ್ನೇನೋ ಹೊಸ ಸೂತ್ರ ಇರಬೇಕು ಅಂತ ಲೆಕ್ಕನೇ ಬಿಟ್ಟಿದ್ಲು. ಕನ್ನಡದಲ್ಲಿ 'ಕ್ರಮವಾಗಿ' ಅಂತೀವಲ್ಲ ಅದೇ ಅಂದೆ. ಹತ್ತನೇ ಕ್ಲಾಸ್ ಗಣಿತದಲ್ಲಿ ನೂರಾರು ಸಲ ಓದಿದ ಪದ ಅದು. ಎರಡೇ ನಿಮಿಷದಲ್ಲಿ ಲೆಕ್ಕ ಮುಗೀತು. ನೆಗ್ಲಿಜಿಬಲ್ ಅಂದ್ರೆ ನಗಣ್ಯ, ಹೆನ್ಸ್ ಅಂದ್ರೆ ಆದ್ದರಿಂದ, ವೇರ್‌ಆ್ಯಸ್ ಅಂದ್ರೆ 'ಇದು ಹೀಗೆ, ಅದಾದ್ರೋ ಹಾಗೆ' ಅನ್ನೋ 'ಆದ್ರೋ', ಅನ್‌ಲೆಸ್ ಅಂದ್ರೆ 'ಇಲ್ಲದ ಹೊರತು'. ಕನ್ನಡದಲ್ಲಿ ಇಷ್ಟು ಗಟ್ಟಿ ಇದ್ದ ಹುಡುಗಿಗೆ ಇಷ್ಟೇ ಬೇಕಾಗಿತ್ತು. ಗಿವ್ ಆಫ್, ಟೇಕ್ ಅಪ್, ಅಕೌಂಟ್ ಫಾರ್ ಥರದವನ್ನ ಮಾತ್ರ ಜೋಡಿಯಾಗೇ ಕಲಿಸಬೇಕಾಯ್ತು, ಯಾಕಂದ್ರೆ ಗಿವ್ ಬೇರೆ ಆಫ್ ಬೇರೆ ನೋಡಿದ್ರೆ ಗಿಡ ಆಕ್ಸಿಜನ್ ಹೊರಗೆ ಬಿಡುತ್ತೆ ಅನ್ನೋ ಅರ್ಥ ಯಾವ ಡಿಕ್ಷನರಿಲೂ ಸಿಗಲ್ಲ.

ಡಿಕ್ಷನರಿ ಬಗ್ಗೆನೂ ಒಂದು ಮಾತು. ಬರೀ ಇಂಗ್ಲಿಷ್ ಕನ್ನಡ ಸಾಕಾಗಲ್ಲ, ಬರೀ ಇಂಗ್ಲಿಷ್ ಇಂಗ್ಲಿಷ್ ಕೊಟ್ಟು ಕನ್ನಡ ನೋಡಬಾರದು ಅನ್ನೋದೂ ಸರಿಯಲ್ಲ. ನಾವು ಕಲಿಯೋರಿಗೆ ಅಂತಲೇ ಮಾಡಿದ ಲರ್ನರ್ಸ್ ಡಿಕ್ಷನರಿ ಇಟ್ಕೊಂಡ್ವಿ, ಅದರಲ್ಲಿ ಪದಗಳ ವಿವರಣೆಯನ್ನ ಎರಡು ಮೂರು ಸಾವಿರ ಸರಳ ಪದಗಳಲ್ಲೇ ಕೊಟ್ಟಿರ್ತಾರೆ, ಜೊತೆಗೆ ವಾಕ್ಯ ಇರುತ್ತೆ. ಈ ಐಡಿಯಾ ಬೆಳೆದಿದ್ದೂ ನಮ್ಮ ಕಡೆ ಮಕ್ಕಳಿಂದಲೇ ಅನ್ನಬಹುದು. ಮೈಕೆಲ್ ವೆಸ್ಟ್ ಅನ್ನೋ ಇಂಗ್ಲಿಷ್ ಮೇಷ್ಟ್ರು ಆಗಿನ ಬಂಗಾಳದ ಢಾಕಾದಲ್ಲಿ ಕೆಲಸ ಮಾಡ್ತಾ ಮಕ್ಕಳು ಇಂಗ್ಲಿಷ್ ಓದೋಕೆ ಎಷ್ಟು ಒದ್ದಾಡ್ತಾರೆ ಅಂತ ಕಂಡೋರು, 1935ರಲ್ಲಿ ಸುಮಾರು 24,000 ಪದ, ಪದಪುಂಜಗಳ ಅರ್ಥವನ್ನ ಬರೀ 1,490 ಪದಗಳಲ್ಲಿ ಹೇಳೋ ಡಿಕ್ಷನರಿ ತಂದ್ರು. ಇವಳಿಗೆ ನಾನು ಹೇಳಿದ ಕ್ರಮ ಹೀಗೆ: ಮೊದಲು ವಾಕ್ಯದಲ್ಲೇ ಊಹೆ, ಆಮೇಲೆ ಲರ್ನರ್ಸ್ ಡಿಕ್ಷನರಿ, ಕೊನೆಗೆ ಹಳೇ ಕನ್ನಡ ಪಠ್ಯಪುಸ್ತಕದಲ್ಲಿ ಅದೇ ಜಾಗದಲ್ಲಿ ಯಾವ ಪದ ಇದೆ ಅಂತ ಹುಡುಕು. ಆ ಹಳೇ ಪುಸ್ತಕಗಳನ್ನ ಗುಜರಿಗೆ ಹಾಕದೇ ಇಟ್ಟಿದ್ದ ನಮ್ಮ ಭಾವನವರಿಗೆ ದೊಡ್ಡ ನಮಸ್ಕಾರ.

ನೆನಪಿಟ್ಟುಕೊಳ್ಳೋಕೆ ಕಾರ್ಡು. ಹಾಸ್ಟೆಲ್‌ನಲ್ಲಿ ಮೊಬೈಲ್ ಬಿಡಲ್ಲ, ಹಾಗಾಗಿ ಆ್ಯಪ್ ಗೀಪ್ ಆಗಲ್ಲ. ಮನೇಲಿದ್ದ ಹಳೇ ಲಗ್ನಪತ್ರಿಕೆಗಳನ್ನ ಕತ್ತರಿಸಿ ಖಾಲಿ ಬೆನ್ನಿನ ಕಡೆ ಬರೆದ್ವಿ. ಪದ ಒಂಟಿಯಾಗಿ ಬರೆಯಂಗಿಲ್ಲ, ಪುಸ್ತಕದ ವಾಕ್ಯ ಪೂರ್ತಿ ಬರೆದು ಪದಕ್ಕೆ ಅಡಿಗೆರೆ, ಕೆಳಗೆ ಮೂಲೇಲಿ ಸಣ್ಣದಾಗಿ ಕನ್ನಡ, ಅದನ್ನ ಹೆಬ್ಬೆರಳಲ್ಲಿ ಮುಚ್ಕೊಂಡು ಓದಬೇಕು. ಮೂರು ಕಟ್ಟು, ರಬ್ಬರ್ ಬ್ಯಾಂಡ್ ಹಾಕಿ. ಮೊದಲ ಕಟ್ಟು ದಿನಾ, ಎರಡನೇದು ಎರಡು ದಿನಕ್ಕೊಮ್ಮೆ, ಮೂರನೇದು ಭಾನುವಾರ. ಸರಿಯಾಗಿ ಹೇಳಿದ್ರೆ ಕಾರ್ಡು ಮುಂದಿನ ಕಟ್ಟಿಗೆ, ತಪ್ಪಿದ್ರೆ ಎಲ್ಲಿದ್ರೂ ಮೊದಲ ಕಟ್ಟಿಗೆ ವಾಪಸ್. ಜರ್ಮನಿಯ ವಿಜ್ಞಾನ ಬರಹಗಾರ ಲೈಟ್ನರ್ 1970ರ ದಶಕದಲ್ಲಿ ಹೇಳಿದ ಪದ್ಧತಿಯೇ ಇದು, ಅವನು ಕಾರ್ಡುಗಳನ್ನ ಡಬ್ಬದ ಖಾನೆಗಳಲ್ಲಿ ಇಡೋಕೆ ಹೇಳಿದ್ದ, ನಮ್ಮದು ರಬ್ಬರ್ ಬ್ಯಾಂಡ್. ದಿನಕ್ಕೆ ಐದಾರು ಹೊಸ ಕಾರ್ಡಿಗಿಂತ ಹೆಚ್ಚು ಬೇಡ ಅಂತ ಕಟ್ಟುನಿಟ್ಟಾಗಿ ಹೇಳಿದ್ದೆ, ಉತ್ಸಾಹದಲ್ಲಿ ಮೂವತ್ತು ಬರೆದಿಟ್ಟು ಯಾವುದನ್ನೂ ತಿರುಗಿ ನೋಡದ ಮಕ್ಕಳನ್ನ ನಮ್ಮ ಸ್ಕೂಲಲ್ಲೇ ನೋಡಿದೀನಿ.

ಕೆಲಸ ಮಾಡದ ಸಂಗತಿನೂ ಇದೆ. ಕಾರ್ಡಲ್ಲಿ ಸ್ವಂತ ವಾಕ್ಯ ಬರಿ ಅನ್ನೋದು ಅವಳಿಗೆ ಹಿಂಸೆ ಆಯ್ತು, ಪ್ರತಿ ವಾಕ್ಯದಲ್ಲೂ ವ್ಯಾಕರಣದ ಹೆದರಿಕೆ, ಪದ ಕಲಿಯೋದು ನಿಂತು ಗ್ರಾಮರ್ ಚಿಂತೆ ಶುರು. ಅದನ್ನ ಮೊದಲ ಎರಡು ತಿಂಗಳು ಬಿಟ್ಟುಬಿಟ್ವಿ. ಓದಿ ಅರ್ಥ ಮಾಡ್ಕೊಳ್ಳೋಕೆ ಬೇಕಾದ ಪದಜ್ಞಾನ ಬೇರೆ, ಬರೆಯೋಕೆ ಮಾತಾಡೋಕೆ ಬೇಕಾದ್ದು ಬೇರೆ, ಮೊದಲನೇದು ಬೇಗ ಬರುತ್ತೆ, ಎರಡನೇದಕ್ಕೆ ತುಂಬಾ ಸಮಯ ಬೇಕು. ಮೊದಲ ವರ್ಷದ ಮಗುವಿಗೆ ತುರ್ತಾಗಿ ಬೇಕಿರೋದು ಓದೋದು.

ಜನವರಿ ಹೊತ್ತಿಗೆ ಗೊತ್ತಾದ ಬದಲಾವಣೆ ಅಂದ್ರೆ, ಬಯಾಲಜಿ ಪುಟ ಓದೋವಾಗ ಪದ ಪದಕ್ಕೂ ನಿಲ್ತಿರ್ಲಿಲ್ಲ, ಪ್ಯಾರಾ ಮುಗಿಸಿ ಕನ್ನಡದಲ್ಲಿ ಸಾರಾಂಶ ಹೇಳ್ತಿದ್ಲು. ಅಸರ್ಷನ್ ರೀಸನ್ ಪ್ರಶ್ನೆಗಳಲ್ಲಿ (ಒಂದು ಹೇಳಿಕೆ, ಅದಕ್ಕೊಂದು ಕಾರಣ ಕೊಟ್ಟು ಎರಡೂ ಸರಿನಾ ಅಂತ ಕೇಳೋವು), ಹಾಗೇ 'ನಾಟ್', 'ಎಕ್ಸೆಪ್ಟ್' ಇರೋ ಪ್ರಶ್ನೆಗಳಲ್ಲಿ ಕಳ್ಕೊಳ್ತಿದ್ದ ಮಾರ್ಕು ಕಡಿಮೆ ಆಯ್ತು, ಆ ಪದಗಳ ಸುತ್ತ ಗೋಲ ಹಾಕಿ ಆಮೇಲೆ ಉತ್ತರ ನೋಡೋ ಅಭ್ಯಾಸ ಬಂತು. ಫಿಸಿಕ್ಸ್ ನಿಧಾನವಾಗಿ ಬಂತು, ಕಾರಣ ಭಾಷೆಗಿಂತ ಗಣಿತದ ವೇಗ. ಆರ್ಟ್ಸ್ ಮಾತು ಮತ್ತೆ ಬರಲಿಲ್ಲ. ಫಸ್ಟ್ ಪಿಯು ಪಾಸಾಗಿ ಸೆಕೆಂಡ್‌ಗೆ ಹೋದ್ಲು.

ಇನ್ನೂ ಬಗೆಹರಿಯದ್ದು ಕ್ಲಾಸಲ್ಲಿ ಕೇಳಿಸ್ಕೊಳ್ಳೋದು. ಕಾರ್ಡಿನ ಮೇಲೆ ಕಂಡು ಗುರುತಿಸೋ ಪದ ಲೆಕ್ಚರರ್ ಬಾಯಲ್ಲಿ ವೇಗವಾಗಿ ಬಂದ್ರೆ ಅವಳಿಗೆ ಸಿಗಲ್ಲ, ಅವಳು ಮನಸ್ಸಲ್ಲಿ ಓದ್ಕೊಂಡ ಉಚ್ಚಾರವೇ ಬೇರೆ ಇರುತ್ತೆ. ಹೈಪಾಥಿಸಿಸ್ ಅನ್ನೋದನ್ನ ಹೈಪೋ ತೀಸಿಸ್ ಅಂತ ಎರಡು ಪದವಾಗಿ ಇಟ್ಕೊಂಡಿದ್ಲು. ಈಗ ಶನಿವಾರ ಮನೆಗೆ ಬಂದಾಗ ಕಾರ್ಡನ್ನ ನಾನು ಜೋರಾಗಿ ಓದ್ತೀನಿ, ಅವಳು ನೋಡದೇ ಕನ್ನಡ ಹೇಳ್ಬೇಕು. ಸೆಕೆಂಡ್ ಪಿಯು ಜೆನೆಟಿಕ್ಸ್ ಅಧ್ಯಾಯದಿಂದ ಶುರು ಮಾಡಿದೀವಿ. ಹೋಮೋಝೈಗಸ್, ಹೆಟೆರೋಝೈಗಸ್ ಬಂದಾಗ ಹೆಟೆರೋ ಅವಳಿಗೆ ಆಗಲೇ ಗೊತ್ತಿತ್ತು, ಹೋಮೋ ಅಂದ್ರೆ ಅದಕ್ಕೆ ಉಲ್ಟಾ, ಒಂದೇ ಥರ ಅಂತ ಕೇಳೋ ಮುಂಚೆನೇ ಹೇಳಿದ್ಲು.